‘ನಿಮಗ ಆರಾಮಿಲ್ರಿ’: ಬೀದರಿನ ನೆಲದಲ್ಲೊಂದು ಆರೋಗ್ಯಧಾಮದ ಭಯಚಿತ್ರ ಬರೆಯುವ, ತೆಗೆಯುವ ಬಗೆ

ಕಲಬುರಗಿ, ಬೀದರ, ಯಾದಗಿರಿಯ ಕಡೆ ಇಬ್ಬರು ಪರಿಚಿತರು ಎದುರಾದರೆ ಮೊದಲು ಬಾಯಿಗೆ ಬರುವ ಮಾತು ‘ಆರಾಮ ಇದ್ದೀರೇನ್ರಿ?’ ಎಂಬುದು. ಜ್ವರ ಬಂದರೆ ‘ಆರಾಮಿಲ್ಲ’, ಜ್ವರ ಇಳಿದರೆ ‘ಆರಾಮಾಯ್ತು’, ಎರಡು ದಿನ ರಜೆ ಹಾಕಿ ಮನೆಯಲ್ಲಿ ಮಲಗಿದರೂ ‘ಆರಾಮ ಮಾಡ್ಲತ್ತೀನಿ’. ಕ್ಷೇಮ, ಆರೋಗ್ಯ, ವಿಶ್ರಾಂತಿ ಮೂರನ್ನೂ ಒಂದೇ ಪದ ಹೊತ್ತುಕೊಂಡಿರುವ ಈ ಸೀಮೆಯಲ್ಲಿ, ಏನೂ ಆಗದೆ ಗಟ್ಟಿಮುಟ್ಟಾಗಿರುವ ಮನುಷ್ಯರೊಬ್ಬರ ಎದುರು ಕುಳಿತು, ಕೈ ಹಿಡಿದು, ಬಲು ಮಮತೆಯಿಂದ ‘ನಿಮಗ ಆರಾಮಿಲ್ರಿ’ ಎಂದು ಹೇಳಿ ನೋಡಿ. ಮೊದಲ ಸಲ ಅವರು ನಗುತ್ತಾರೆ, ಎರಡನೆಯ ಸಲ ಸಿಟ್ಟಾಗುತ್ತಾರೆ, ಮೂರನೆಯ ಸಲ ಯಾರೂ ಇಲ್ಲದಾಗ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ನೋಡಿಕೊಳ್ಳುತ್ತಾರೆ. ಆರೋಗ್ಯಧಾಮವೊಂದನ್ನು ಹಿನ್ನೆಲೆಯಾಗಿಟ್ಟುಕೊಂಡ ಮನೋವೈಜ್ಞಾನಿಕ ಭಯಚಿತ್ರವು ಈ ಮೂರನೆಯ ಸಲದಿಂದ ಶುರುವಾಗುತ್ತದೆ. ಅಂಥದೊಂದು ಇಪ್ಪತ್ತೈದು ನಿಮಿಷಗಳ ಕಿರುಚಿತ್ರವನ್ನು ನಮ್ಮ ಕಡೆಯ ಗೆಳೆಯರ ಬಳಗವೊಂದು ಕಡಿಮೆ ದುಡ್ಡಿನಲ್ಲಿ ಹೇಗೆ ಬರೆದು ಚಿತ್ರೀಕರಿಸಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ದೆವ್ವವನ್ನು ತರಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಾವು ತೆಗೆದ ಮೊದಲ ಭಯಚಿತ್ರದಲ್ಲಿ ಕೂದಲು ಬಿಚ್ಚಿದ ಹೆಂಗಸೊಬ್ಬಳು ಗೋಡೆಯ ಹಿಂದಿನಿಂದ ಹಾರಿ ಬರುತ್ತಿದ್ದಳು, ಮತ್ತು ಆ ಕ್ಷಣಕ್ಕೆ ಸರಿಯಾಗಿ ಇಡೀ ಸಭಾಂಗಣ ಗೊಳ್ಳೆಂದು ನಕ್ಕಿತು. ಅದೇ ಚಿತ್ರದಲ್ಲಿ ಅಜ್ಜಿಯೊಬ್ಬಳು ಮೊಮ್ಮಗನಿಗೆ ಹಾಲಿನ ಲೋಟ ಕೊಟ್ಟು, ಅವನು ಕುಡಿದು ಮುಗಿಸುವ ತನಕ ಕಣ್ಣು ಮಿಟುಕಿಸದೆ ನಿಂತಿರುವ ನಾಲ್ಕೈದು ಸೆಕೆಂಡುಗಳ ತುಣುಕೊಂದಿತ್ತು. ಅಲ್ಲಿ ಸಭೆ ಒಮ್ಮೆಲೇ ಸುಮ್ಮನಾಯಿತು. ಆ ತುಣುಕನ್ನು ನಾವು ಬೇಕೆಂದು ತೆಗೆದದ್ದಲ್ಲ, ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿದ್ದೆವು. ಉಪಚಾರವು ಒಂದು ಕ್ಷಣ ಹೆಚ್ಚಾಗಿ ಉಳಿದರೆ ಕಾವಲಾಗುತ್ತದೆ ಎಂಬ ಪಾಠವನ್ನು ಆ ಮರೆವು ಕಲಿಸಿತು. ಕೆಳಗಿನ ಎಲ್ಲ ಸೂಚನೆಗಳೂ ಈ ಒಂದು ಮಾತಿನ ಸುತ್ತಲೇ ಇವೆ.

ಬರೆಯುವ ಮೊದಲು ಓದಬೇಕಾದದ್ದು

ಈ ಜಾತಿಯ ಚಿತ್ರಗಳಲ್ಲಿ ಈಚಿನ ದೊಡ್ಡ ಪ್ರಯತ್ನವೆಂದರೆ ಗೋರ್ ವರ್ಬಿನ್‌ಸ್ಕಿ ನಿರ್ದೇಶಿಸಿದ, 2017ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ಎ ಕ್ಯೂರ್ ಫಾರ್ ವೆಲ್‌ನೆಸ್’. ಕಥೆ ನಡೆಯುವುದು ಸ್ವಿಟ್ಜರ್‌ಲೆಂಡಿನ ಪರ್ವತಗಳ ನಡುವಿನ ಚಿಕಿತ್ಸಾಲಯದಲ್ಲಿ. ಆದರೆ ಚಿತ್ರೀಕರಣಕ್ಕೆ ಬಳಸಿದ್ದು ಜರ್ಮನಿಯ ಹೊಹೆನ್‌ಜೋಲರ್ನ್ ಕೋಟೆಯನ್ನು ಮತ್ತು ಬರ್ಲಿನ್ ಸಮೀಪದ ಬೀಲಿಟ್ಸ್‌ನಲ್ಲಿ ಪಾಳುಬಿದ್ದಿರುವ ಕ್ಷಯರೋಗದ ಹಳೆಯ ಆಸ್ಪತ್ರೆಯನ್ನು. ಚಿತ್ರದ ಅವಧಿ 146 ನಿಮಿಷ. ನನ್ನ ಅಭಿಪ್ರಾಯದಲ್ಲಿ ಅದರ ಮೊದಲ ಅರ್ಧವು ಈ ಪ್ರಕಾರಕ್ಕೆ ಪಠ್ಯಪುಸ್ತಕವಿದ್ದಂತಿದೆ, ಕೊನೆಯ ಅರ್ಧಗಂಟೆ ಮಾತ್ರ ಎಲ್ಲವನ್ನೂ ಬಿಡಿಸಿ ಹೇಳುವ ಆತುರದಲ್ಲಿ ಕಟ್ಟಿದ ಭಯವನ್ನೆಲ್ಲ ಸುಟ್ಟುಹಾಕುತ್ತದೆ. ಅದನ್ನು ನೋಡುವವರು ಕಥೆಯನ್ನು ಹಿಂಬಾಲಿಸದೆ, ಹಸಿರು ಬಣ್ಣ ಬಳಿದ ಗೋಡೆ, ನೀರಿನ ಲೋಟ, ಬಿಳಿ ಬಟ್ಟೆ ತೊಟ್ಟು ಹುಲ್ಲುಹಾಸಿನ ಮೇಲೆ ಆಡುವ ಮುದುಕರು ಎಷ್ಟು ಸಲ ಮರಳಿ ಬರುತ್ತಾರೆ ಮತ್ತು ಪ್ರತಿ ಸಲ ಏನು ಬದಲಾಗಿರುತ್ತದೆ ಎಂಬುದನ್ನು ಎಣಿಸಿಕೊಳ್ಳುವುದು ಒಳ್ಳೆಯದು.

ಆದರೆ ಚಿತ್ರಗಳನ್ನು ನೋಡಿ ಚಿತ್ರ ಬರೆದರೆ ಅದು ನಕಲಿಯ ನಕಲಾಗುತ್ತದೆ. ನಿಜವಾಗಿ ನಡೆದದ್ದನ್ನು ಓದಿಕೊಳ್ಳುವುದು ಹೆಚ್ಚು ಉಪಯುಕ್ತ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಾಲಾ ಎಂಬಲ್ಲಿ ಲಿಂಡಾ ಹಜಾರ್ಡ್ ಎಂಬಾಕೆ ಉಪವಾಸ ಚಿಕಿತ್ಸೆಯ ಧಾಮವೊಂದನ್ನು ನಡೆಸುತ್ತಿದ್ದಳು. ವೈದ್ಯಕೀಯ ಪದವಿ ಇಲ್ಲದಿದ್ದರೂ ಆಕೆಗೆ ಪರವಾನಗಿ ಸಿಕ್ಕಿತ್ತು. 1911ರಲ್ಲಿ ಕ್ಲೇರ್ ಮತ್ತು ಡೋರಾ ವಿಲಿಯಮ್ಸನ್ ಎಂಬ ಸಿರಿವಂತ ಅಕ್ಕತಂಗಿಯರು ತಾವಾಗಿಯೇ ಹುಡುಕಿಕೊಂಡು ಆಕೆಯ ಬಳಿಗೆ ಹೋದರು. ತೆಳುವಾದ ತರಕಾರಿ ಸಾರು ಮತ್ತು ಗಂಟೆಗಟ್ಟಲೆ ಎನಿಮಾ, ಇಷ್ಟೇ ಚಿಕಿತ್ಸೆ. ಕ್ಲೇರ್ ತೀರಿಕೊಂಡಾಗ ಅವಳ ತೂಕ 50 ಪೌಂಡಿಗಿಂತಲೂ ಕಡಿಮೆಯಿತ್ತು, ಅಂದರೆ ನಮ್ಮ ತೊಗರಿ ಚೀಲದ ಅರ್ಧದಷ್ಟೂ ಇರಲಿಲ್ಲ. 1912ರಲ್ಲಿ ಹಜಾರ್ಡ್‌ಗೆ ನರಹತ್ಯೆಯ ಅಪರಾಧಕ್ಕಾಗಿ ಶಿಕ್ಷೆಯಾಯಿತು. ಆಕೆ 1938ರಲ್ಲಿ ತನ್ನದೇ ಉಪವಾಸ ಚಿಕಿತ್ಸೆಯನ್ನು ತನ್ನ ಮೇಲೆ ಮಾಡಿಕೊಳ್ಳುತ್ತಲೇ ಸತ್ತಳು ಎಂಬ ಕೊನೆಯ ವಿವರವನ್ನು ಚಿತ್ರಕಥೆ ಬರೆಯುವವರು ಗೋಡೆಗೆ ಅಂಟಿಸಿಕೊಳ್ಳಬೇಕು. ಏಕೆಂದರೆ ಖಳನಾದವನು ಕಪಟಿಯಾಗಿದ್ದರೆ ಪ್ರೇಕ್ಷಕನಿಗೆ ಪಾರಾಗುವ ದಾರಿ ಕಾಣುತ್ತದೆ, ಕಪಟ ಬಯಲಾದರೆ ಸಾಕಲ್ಲ ಎನಿಸುತ್ತದೆ. ತಾನು ಮಾಡುವುದೆಲ್ಲ ಒಳ್ಳೆಯದೇ ಎಂದು ಮನಸಾರೆ ನಂಬಿದವರಿಂದ ಪಾರಾಗುವ ದಾರಿ ಅಷ್ಟು ಸುಲಭಕ್ಕೆ ಹೊಳೆಯುವುದಿಲ್ಲ.

ಇನ್ನೊಂದು ಉದಾಹರಣೆ ಎಬೆನ್ ಬೈಯರ್ಸ್ ಎಂಬ ಅಮೆರಿಕದ ಉದ್ಯಮಿಯದು. ತೋಳಿನ ನೋವಿಗೆಂದು ವೈದ್ಯರು ಹೇಳಿದ ರೇಡಿಯಂ ಬೆರೆಸಿದ ನೀರನ್ನು ಆತ ಕೆಲವು ವರ್ಷ ಉತ್ಸಾಹದಿಂದ ಕುಡಿದ. ಒಟ್ಟು ಸುಮಾರು 1400 ಬಾಟಲಿ ಎಂಬ ಲೆಕ್ಕವಿದೆ. ಆ ನೀರು ಅವನಿಗೆ ಮೊದಮೊದಲು ಹುರುಪು ಕೊಟ್ಟಿತ್ತು, ಗೆಳೆಯರಿಗೂ ಹಂಚಿದ್ದ. 1932ರಲ್ಲಿ ಸಾಯುವ ಹೊತ್ತಿಗೆ ದವಡೆಯ ಮೂಳೆ ಕರಗಿ ಹೋಗಿತ್ತು. ಮೂರನೆಯದು ಮನಶ್ಶಾಸ್ತ್ರಜ್ಞ ಡೇವಿಡ್ ರೋಸೆನ್‌ಹಾನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ: ಎಂಟು ಜನ ಆರೋಗ್ಯವಂತರು ತಮಗೆ ಧ್ವನಿ ಕೇಳಿಸುತ್ತದೆ ಎಂದು ಸುಳ್ಳು ಹೇಳಿ ಮಾನಸಿಕ ಆಸ್ಪತ್ರೆಗಳಿಗೆ ಸೇರಿ, ಸೇರಿದ ಮೇಲೆ ಎಂದಿನಂತೆ ನಡೆದುಕೊಂಡರೂ ಹೊರಬರಲು ಸರಾಸರಿ 19 ದಿನ ಹಿಡಿಯಿತು ಎಂಬುದು ಅದರ ವರದಿ. ಅವರಲ್ಲೊಬ್ಬರು ಟಿಪ್ಪಣಿ ಬರೆದುಕೊಳ್ಳುತ್ತಿದ್ದುದನ್ನೇ ದಾದಿ ರೋಗಲಕ್ಷಣದಂತೆ ದಾಖಲಿಸಿದ್ದಳು. ಆ ಪ್ರಯೋಗ ಎಷ್ಟು ಪ್ರಾಮಾಣಿಕವಾಗಿತ್ತು ಎಂಬ ಪ್ರಶ್ನೆ ಆಮೇಲೆ ಎದ್ದಿದೆ. ಶಾಸ್ತ್ರವಾಗಿ ಅದನ್ನು ನಂಬುವ ಮೊದಲು ಯೋಚಿಸಬೇಕು, ಆದರೆ ದೃಶ್ಯವಾಗಿ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಸುಮ್ಮನಿದ್ದರೆ ಮಂಕು, ಮಾತಾಡಿದರೆ ಉದ್ವೇಗ, ಬರೆದರೆ ಗೀಳು ಎಂದು ಎಲ್ಲವೂ ಒಂದೇ ಕಡತಕ್ಕೆ ಹೋಗಿ ಬೀಳುವ ಜಾಗದಲ್ಲಿ ‘ನಾನು ಆರಾಮ ಇದ್ದೀನಿ’ ಎಂದು ಸಾಬೀತು ಮಾಡುವುದು ಹೇಗೆ?

ಚಿತ್ರಕಥೆಗೆ ಮುನ್ನ ದಿನಚರಿ

ಕಥೆ ಹೊಳೆದ ಕೂಡಲೇ ದೃಶ್ಯ ಬರೆಯಲು ಕೂರಬಾರದು. ಮೊದಲು ಆ ಆರೋಗ್ಯಧಾಮದ ದಿನಚರಿಯನ್ನು, ಬಾಗಿಲಿಗೆ ಅಂಟಿಸುವ ಹಾಳೆಯ ರೂಪದಲ್ಲಿಯೇ, ಗಂಟೆ ನಿಮಿಷ ಸಮೇತ ಬರೆಯಬೇಕು. ಪ್ರಕೃತಿ ಚಿಕಿತ್ಸೆಯ ಕೇಂದ್ರಗಳಲ್ಲಿ ನಿಜವಾಗಿ ಬಳಕೆಯಲ್ಲಿರುವ ಉಪಚಾರಗಳೇ ಇದಕ್ಕೆ ಸಾಕು; ಹೊಸದನ್ನು ಕಲ್ಪಿಸುವ ಅಗತ್ಯವಿಲ್ಲ. ನಸುಕಿನಲ್ಲಿ ಎದ್ದು ಎರಡು ಲೋಟ ನೀರು, ಮೂಗಿನಲ್ಲಿ ನೀರು ಹರಿಸುವ ಜಲನೇತಿ, ಹೊಟ್ಟೆಯ ಮೇಲೆ ಮತ್ತು ಕಣ್ಣುಗಳ ಮೇಲೆ ಮಣ್ಣಿನ ಪಟ್ಟಿ, ಎನಿಮಾ, ಬೂದುಗುಂಬಳದ ರಸ, ಸೊಂಟಸ್ನಾನದ ತೊಟ್ಟಿ, ಒದ್ದೆ ಬಟ್ಟೆಯಲ್ಲಿ ಮೈಯನ್ನು ಬಿಗಿಯಾಗಿ ಸುತ್ತುವುದು, ಮಧ್ಯಾಹ್ನ ಉಪ್ಪಿಲ್ಲದೆ ಬೇಯಿಸಿದ ಸೋರೆಕಾಯಿ, ಎರಡು ಗಂಟೆಯ ಮೌನ, ರಾತ್ರಿ ಎಂಟೂವರೆಗೆ ದೀಪ ಆರಿಸುವುದು. ಆಯುರ್ವೇದದ ಕಡೆಗೆ ಹೊರಳಿದರೆ ವಾಂತಿ ಮಾಡಿಸುವ ವಮನ, ಭೇದಿ ಮಾಡಿಸುವ ವಿರೇಚನ, ಎನಿಮಾದಂಥ ಬಸ್ತಿ, ಮೂಗಿಗೆ ಔಷಧ ಹಾಕುವ ನಸ್ಯಗಳಿವೆ. ಹಣೆಯ ಮೇಲೆ ಎಣ್ಣೆಯ ಧಾರೆ ಬಿಡುವ ಶಿರೋಧಾರೆಯಿದೆ. ಜಿಗಣೆ ಹಚ್ಚಿ ರಕ್ತ ತೆಗೆಯುವ ಪದ್ಧತಿಯೂ ಇದೆ. ಜಿಗಣೆಯನ್ನು ತೋರಿಸುವ ಆಸೆ ಎಲ್ಲರಿಗೂ ಬರುತ್ತದೆ. ತಡೆದುಕೊಳ್ಳಿ, ಜಿಗಣೆ ಕಂಡರೆ ಪ್ರೇಕ್ಷಕರಿಗೆ ಹೇಸಿಗೆಯಾಗುತ್ತದೆ, ಮತ್ತು ಹೇಸಿಗೆ ಬಂದಲ್ಲಿ ಭಯ ಹಗುರಾಗುತ್ತದೆ.

ದಿನಚರಿಯಿಂದ ಮೂರು ಹೊತ್ತುಗಳನ್ನು ಆರಿಸಿಕೊಂಡು, ಅವನ್ನು ಮೊದಲ ದಿನ, ನಾಲ್ಕನೆಯ ದಿನ, ಒಂಬತ್ತನೆಯ ದಿನ ಒಂದೇ ಚೌಕಟ್ಟಿನಲ್ಲಿ, ಕ್ಯಾಮೆರಾವನ್ನು ಒಂದು ಅಂಗುಲವೂ ಸರಿಸದೆ ತೆಗೆಯಬೇಕು. ಮೊದಲ ದಿನ ಸಹಾಯಕಿ ನೀರು ತುಂಬಿ ಕೊಡುತ್ತಾಳೆ, ನಾಲ್ಕನೆಯ ದಿನ ಲೋಟ ಮೊದಲೇ ತುಂಬಿರುತ್ತದೆ, ಒಂಬತ್ತನೆಯ ದಿನ ನಮ್ಮ ಪಾತ್ರವೇ ಎದ್ದು ತಾನಾಗಿ ತುಂಬಿಕೊಂಡು ಕುಡಿದು ಲೋಟವನ್ನು ಬೋರಲು ಹಾಕುತ್ತದೆ. ಸಂಭಾಷಣೆ ಬೇಡ, ಸಂಗೀತ ಬೇಡ. ಯಾರೂ ಒತ್ತಾಯ ಮಾಡಲಿಲ್ಲವೆಂಬುದೇ ಇಲ್ಲಿ ಎದೆ ನಡುಗಿಸುವ ಸಂಗತಿ.

ಮಣ್ಣಿನ ಪಟ್ಟಿಯ ದೃಶ್ಯವನ್ನು ಹತ್ತಿರದಿಂದ ತೆಗೆಯುವುದಕ್ಕೆ ಒಂದು ಇಡೀ ಬೆಳಗನ್ನು ಮೀಸಲಿಡಿ. ಹದವಾಗಿ ನೆನೆಸಿದ ತಣ್ಣನೆಯ ಮಣ್ಣನ್ನು ಬಟ್ಟೆಯಲ್ಲಿ ಮಡಚಿ ಹೊಟ್ಟೆಯ ಮೇಲಿಟ್ಟಾಗ ಮೊದಲು ಉಸಿರು ಒಳಗೆ ಎಳೆದುಕೊಳ್ಳುತ್ತದೆ, ಆಮೇಲೆ ಹೊಟ್ಟೆಯ ಏರಿಳಿತ ನಿಧಾನಕ್ಕೆ ಒಂದು ಲಯಕ್ಕೆ ಬರುತ್ತದೆ. ಕ್ಯಾಮೆರಾ ನೋಡಬೇಕಾದದ್ದು ಆ ಏರಿಳಿತವನ್ನಷ್ಟೆ. ಕಣ್ಣಿನ ಮೇಲೂ ಪಟ್ಟಿ ಇರುವುದರಿಂದ ಪಾತ್ರಕ್ಕೆ ಕಿವಿಯೊಂದೇ ಆಸರೆ. ಸಹಾಯಕಿಯ ಹೆಜ್ಜೆ ಬಾಗಿಲಿನವರೆಗೆ ಹೋಗುವುದು ಕೇಳಿಸುತ್ತದೆ, ಬಾಗಿಲು ಮುಚ್ಚಿದ್ದು ಕೇಳಿಸುತ್ತದೆ, ಆದರೆ ಹೊರಗೆ ಹೋದ ಹೆಜ್ಜೆ ಮಾತ್ರ ಕೇಳಿಸುವುದಿಲ್ಲ. ಇಷ್ಟನ್ನು ಸರಿಯಾಗಿ ಮಾಡಿದರೆ ಕೋಣೆಯಲ್ಲಿ ಇನ್ನೊಬ್ಬರು ಇದ್ದಾರೆಯೇ ಎಂದು ತೋರಿಸುವ ಅಗತ್ಯವೇ ಬೀಳದು.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಅನುಕೂಲವಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದು ಬೆಳೆದವರಿಂದ ಅವೆರಡನ್ನೂ ಕಿತ್ತುಕೊಂಡರೆ ಅರ್ಧ ಕಥೆ ತಾನಾಗಿಯೇ ನಡೆಯುತ್ತದೆ. ಆರನೆಯ ದಿನದ ಮೌನದ ಹೊತ್ತಿನಲ್ಲಿ, ಪಕ್ಕದ ಮಂಚದ ಹಿರಿಯರೊಬ್ಬರು ಹಾಸಿಗೆಯ ಕೆಳಗಿನಿಂದ ಪೇಪರಿನಲ್ಲಿ ಸುತ್ತಿಟ್ಟ ಖಡಕ್ ರೊಟ್ಟಿಯ ಚೂರೊಂದನ್ನು ತೆಗೆದು ಬಾಯಿಗೆ ಹಾಕಿಕೊಳ್ಳಲಿ. ಕಡಿದರೆ ಸಪ್ಪಳವಾಗುತ್ತದೆ, ಆದ್ದರಿಂದ ಅವರು ಕಡಿಯುವುದಿಲ್ಲ, ಕಣ್ಣು ಬಾಗಿಲ ಮೇಲಿಟ್ಟು, ಕೆನ್ನೆ ಉಬ್ಬಿಸಿಕೊಂಡು, ಅದು ಎಂಜಲಿನಲ್ಲಿ ನೆನೆದು ಮೆತ್ತಗಾಗುವುದನ್ನು ಕಾಯುತ್ತಾರೆ. ನಗು ಮತ್ತು ಭಯ ಎರಡೂ ಒಟ್ಟಿಗೆ ಬರುವ ದೃಶ್ಯ ಚಿತ್ರಕ್ಕೆ ಒಂದಾದರೂ ಬೇಕು.

ಸಹಿ

ಈ ಬಗೆಯ ಕಥೆಯಲ್ಲಿ ಮನುಷ್ಯರನ್ನು ಬೀಗ ಹಾಕಿ ಕೂಡಿಡಬಾರದು. ಗೇಟು ತೆರೆದಿರಬೇಕು, ಬಸ್ಸಿನ ವೇಳಾಪಟ್ಟಿ ಗೋಡೆಯ ಮೇಲಿರಬೇಕು, ಆದರೂ ಹೋಗಲಾಗಬಾರದು. ಅದಕ್ಕೆ ಬೇಕಾದದ್ದು ಒಂದು ಸಹಿ. ಬೀದರಿನವರಿಗೆ ಸಹಿಯ ಭಯವನ್ನು ಹೊರಗಿನಿಂದ ತರಬೇಕಾಗಿಲ್ಲ: 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನನನ್ನು ಕೊಂದದ್ದೇ ಒಂದು ಖಾಲಿ ಕಾಗದ. ಅವನ ಮುದ್ರೆ ಕಾಯುವವನನ್ನು ವಿರೋಧಿಗಳು ಒಲಿಸಿಕೊಂಡು ಬರೆಯದ ಹಾಳೆಯ ಮೇಲೆ ಮುದ್ರೆ ಒತ್ತಿಸಿ, ಆಮೇಲೆ ಅದರ ಮೇಲೆ ರಾಜದ್ರೋಹದ ಪತ್ರ ಬರೆದರು. ಮುದ್ರೆ ತನ್ನದೇ, ಬರಹ ಮಾತ್ರ ತನ್ನದಲ್ಲ ಎಂದು ಗವಾನ ಹೇಳಿದ್ದು ಸುಲ್ತಾನನ ಕಿವಿಗೆ ಬೀಳಲಿಲ್ಲ, 1481ರಲ್ಲಿ ಅವನ ತಲೆ ಹೋಯಿತು. ಮದರಸಾದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ನಾವು ಈ ಕಥೆಯನ್ನು ಇತಿಹಾಸದ ಪರೀಕ್ಷೆಗೆ ಮಾತ್ರ ಓದಿದ್ದೇವೆ.

ನಾನು ಮಾದರಿಯಾಗಿ ಇಟ್ಟುಕೊಂಡಿರುವ ಕಥೆಯಲ್ಲಿ ಕಲಬುರಗಿಯ ದಾಲ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುವ ಮಗಳು, ಸಕ್ಕರೆ ಕಾಯಿಲೆಯ ತಂದೆಯನ್ನು ಹದಿನಾಲ್ಕು ದಿನದ ಚಿಕಿತ್ಸೆಗೆಂದು ಬೀದರಿನ ಹೊರವಲಯದ ಆರೋಗ್ಯಧಾಮಕ್ಕೆ ಕರೆದುಕೊಂಡು ಹೋಗುತ್ತಾಳೆ. ರೋಗಿ ತಂದೆ, ಅವಳು ಬರೀ ಜೊತೆಗೆ ಬಂದವಳು. ರೋಗಿಯ ಜೊತೆ ಮನೆಯವರೊಬ್ಬರು ಉಳಿಯುವುದು ನಮ್ಮ ಆಸ್ಪತ್ರೆಗಳಲ್ಲಿ ಎಷ್ಟು ಸಹಜವೆಂದರೆ, ಆಕೆ ಅಲ್ಲಿರುವುದಕ್ಕೆ ಕಾರಣವನ್ನು ಯಾವ ಪ್ರೇಕ್ಷಕರೂ ಕೇಳುವುದಿಲ್ಲ. ಮೊದಲ ದಿನ ಮೇಜಿನ ಬಳಿ ತಂದೆಯ ಕಾಗದಗಳೆಲ್ಲ ಮುಗಿದ ಮೇಲೆ, ಸಹಾಯಕಿ ಇನ್ನೊಂದು ಹಾಳೆಯನ್ನು ಸರಿಸಿ, ‘ಜೋಡಿ ಬಂದವ್ರದೂ ಒಂದ್ ಸಹಿ ಬೇಕಾಗ್ತದ ಅಕ್ಕಾ, ಏನಿಲ್ಲ, ಊಟದ ಲೆಕ್ಕಕ್ಕ’ ಎನ್ನುತ್ತಾಳೆ. ಅವಳು ಓದದೆ ಸಹಿ ಹಾಕುತ್ತಾಳೆ. ದಿನವಿಡೀ ಲೆಕ್ಕದ ಹಾಳೆಗಳನ್ನೇ ಓದುವ ಹೆಣ್ಣುಮಗಳು ಇದೊಂದನ್ನು ಓದಲಿಲ್ಲ ಎಂಬುದನ್ನು ಪ್ರೇಕ್ಷಕರು ಆಮೇಲೆ ನೆನೆಸಿಕೊಳ್ಳುತ್ತಾರೆ. ಮರುದಿನದ ದಿನಚರಿ ಹಾಳೆಯಲ್ಲಿ ಎರಡು ಹೆಸರುಗಳಿರುತ್ತವೆ.

ಇಲ್ಲಿಂದ ಕಥೆ ಎರಡು ಎಳೆಯಾಗಿ ಸಾಗಬೇಕು. ತಂದೆ ದಿನದಿನಕ್ಕೆ ನಿಜವಾಗಿಯೂ ಗೆಲುವಾಗುತ್ತಾನೆ, ಅವನ ಸಕ್ಕರೆ ಇಳಿಯುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಚಿಕಿತ್ಸೆ ಸುಳ್ಳು ಎಂದು ಮಗಳು ಹೇಳಲಾರದಂತೆ ಇದು ಅವಳ ಬಾಯಿ ಕಟ್ಟುತ್ತದೆ. ಮಗಳು ಮಾತ್ರ ನಿದ್ದೆಗೆಟ್ಟು, ಹಸಿದು, ಸಣ್ಣಸಣ್ಣದಕ್ಕೆ ರೇಗುತ್ತಾಳೆ, ಆ ರೇಗುವಿಕೆಯೂ ಕಡತ ಸೇರುತ್ತದೆ. ಏಳನೆಯ ದಿನದ ಸಂಜೆ ಅವಳು ಊರಿಗೆ ಹೋಗೋಣವೆಂದಾಗ ‘ನಿನಗ ಆರಾಮಿಲ್ಲವ್ವಾ’ ಎಂದು ಹೇಳುವವನು ವೈದ್ಯನಲ್ಲ, ಅಪ್ಪ. ಇಡೀ ಚಿತ್ರದ ತೂಕವನ್ನು ಈ ಒಂದು ಮಾತಿನ ಮೇಲೆ ಹಾಕಬಹುದು. ಪಾತ್ರ ಮಾಡುವ ಹಿರಿಯರಿಗೆ ಇದನ್ನು ಬೆದರಿಕೆಯಂತೆ ಹೇಳಬೇಡಿರೆಂದು ತಿಳಿಸಿ. ಮಗಳ ಹಣೆ ಮುಟ್ಟಿ ಜ್ವರ ನೋಡುವ ಯಾವ ಅಪ್ಪನಾದರೂ ಹೇಳುವ ಹಾಗೆ ಹೇಳಬೇಕು.

ನೀರು ಮತ್ತು ಮಣ್ಣು

ಆರೋಗ್ಯಧಾಮದ ಕಥೆಗೆ ನೀರು ಬೇಕೇ ಬೇಕು, ಮತ್ತು ಬೀದರಿನಷ್ಟು ವಿಚಿತ್ರವಾದ ನೀರು ಬೇರೆಡೆ ಸಿಗುವುದು ಅಪರೂಪ. ಬಹಮನಿಗಳು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ಒಯ್ಯಲು ಇಲ್ಲಿಯ ಹಿತವಾದ ಹವೆಯೂ ಒಂದು ಕಾರಣವೆಂದು ಹೇಳುತ್ತಾರೆ. ಹಾಗೆ ನೋಡಿದರೆ ಈ ಊರೇ ಒಂದು ಕಾಲಕ್ಕೆ ಆರೋಗ್ಯಧಾಮವಾಗಿತ್ತು. ಬೀದರಿನ ನೌಬಾದಿನಲ್ಲಿ ಇಂದಿಗೂ ಇರುವ ಕರೇಜ್, ಅಂದರೆ ಸುರಂಗ ಬಾವಿಯ ವ್ಯವಸ್ಥೆ, ಆ ಕಾಲದ್ದು. ಎತ್ತರದ ನೆಲದಲ್ಲಿ ತಾಯಿ ಬಾವಿ ತೋಡಿ, ಅಲ್ಲಿಂದ ಕೆಳಗಿನ ಊರಿನತ್ತ ನೆಲದೊಳಗೇ ಅತಿ ಸೌಮ್ಯವಾದ ಇಳಿಜಾರಿನ ಸುರಂಗ ಕೊರೆದು, ನಡುನಡುವೆ ಗಾಳಿಗೆ ಮತ್ತು ಮಣ್ಣು ಮೇಲೆತ್ತಲು ನೆಟ್ಟನೆಯ ಬಾವಿಗಳನ್ನು ಬಿಟ್ಟಿದ್ದಾರೆ. ಮೇಲಿನ ಕೆಂಪು ಜಂಬಿಟ್ಟಿಗೆ ಕಲ್ಲು ಮಳೆಯ ನೀರನ್ನು ಹೀರಿ ಕೆಳಗೆ ಬಿಡುತ್ತದೆ. ಬಿದ್ದ ನೀರು ಕತ್ತಲೆಯಲ್ಲಿಯೇ ಹರಿಯುತ್ತದೆ. ಹೊಲದ ನಡುವಿನ ಬಾವಿಯೊಂದರಲ್ಲಿ ಇಣುಕಿದರೆ ನಿಂತ ನೀರೆಂದು ಕಾಣುವುದು ನಿಜಕ್ಕೂ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿರುತ್ತದೆ. ಚಿತ್ರದಲ್ಲಿ ಇಷ್ಟು ಸಾಕು: ಧಾಮದ ಅಂಗಳದಲ್ಲೊಂದು ಬಾವಿ, ಗೇಟಿನ ಹೊರಗೆ ಅರ್ಧ ಮೈಲಿಯಾಚೆ ಇನ್ನೊಂದು. ಒಳಗಿನ ಬಾವಿಗೆ ಮಗಳ ಕೈಯಿಂದ ಬಿದ್ದ ಹೂವು ಹೊರಗಿನ ಬಾವಿಯಲ್ಲಿ ಕಂಡರೆ, ನೀರಿಗೆ ಇರುವ ದಾರಿ ಅವಳಿಗಿಲ್ಲ ಎಂಬುದು ಮಾತಿಲ್ಲದೆ ತಿಳಿಯುತ್ತದೆ.

ಬೀದರಿನ ಝರಣಿ ನರಸಿಂಹನ ಗುಹಾ ದೇವಸ್ಥಾನದಲ್ಲಿ ಎದೆಮಟ್ಟದ ನೀರಿನಲ್ಲಿ, ಮೇಲೆ ಬಾವಲಿಗಳು ಜೋತಾಡುವಾಗ ನಡೆದು ಹೋದವರಿಗೆ ಆ ಸ್ಥಳದ ಪುರಾಣ ಗೊತ್ತಿರುತ್ತದೆ: ನರಸಿಂಹನ ಕೈಯಲ್ಲಿ ಮಡಿದ ಅಸುರನೇ ನೀರಾಗಿ ಅವನ ಪಾದದ ಬಳಿ ಹರಿಯುತ್ತಿದ್ದಾನೆ. ಭಕ್ತರು ಆ ನೀರಿನಲ್ಲಿ ನಡೆದೇ ದೇವರನ್ನು ತಲುಪಬೇಕು. ದೇವಸ್ಥಾನವನ್ನು ಭಯಚಿತ್ರದೊಳಗೆ ಎಳೆದು ತರುವುದು ಸಲ್ಲದು, ನಾನದನ್ನು ಹೇಳುತ್ತಿಲ್ಲ. ಆದರೆ ಕಾಪಾಡುವ ನೀರು ಮತ್ತು ಕೊಲ್ಲುವ ನೀರು ಒಂದೇ ಆಗಿರಬಹುದೆಂಬ ಕಲ್ಪನೆ ಈ ನೆಲದ ಪ್ರೇಕ್ಷಕರಿಗೆ ಹೊಸದಲ್ಲವೆಂಬ ಧೈರ್ಯದಿಂದ ಬರೆಯಬಹುದು.

ಮಣ್ಣಿನ ವಿಷಯಕ್ಕೆ ಬಂದರೆ ಬಿದರಿ ಕುಶಲಕರ್ಮಿಗಳ ಅಂಗಡಿಗೆ ಒಮ್ಮೆ ಹೋಗಿ ಬರಬೇಕು. ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಯಲ್ಲಿ ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯೊಳಗಿನ ಹಳೆಯ ಮಣ್ಣನ್ನು ನವಸಾಗರವೆಂಬ ಲವಣದೊಡನೆ ಕದಡಿ ಹಚ್ಚಿದಾಗ ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಬಿಸಿಲು ಮಳೆ ತಾಗದ ಜಾಗದ ಮಣ್ಣೇ ಬೇಕು, ಮತ್ತು ಸರಿಯಾದ ಮಣ್ಣು ಹೌದೋ ಅಲ್ಲವೋ ಎಂಬುದನ್ನು ಅನುಭವಿಗಳು ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ಧಾಮದ ಹಿರಿಯ ವೈದ್ಯ ಬೆಳಗಿನ ಮಣ್ಣನ್ನು ಹೀಗೆ ರುಚಿ ನೋಡಿ ತಲೆಯಾಡಿಸುವುದನ್ನು ಯಾವ ವಿವರಣೆಯೂ ಇಲ್ಲದೆ ಒಮ್ಮೆ ತೋರಿಸಿದರೆ ಸಾಕು. ಇನ್ನೊಂದು ಪುಕ್ಕಟೆ ಸಾಧನವೆಂದರೆ ಬೀದರಿನ ಕೆಂಪು ಮಣ್ಣು: ರೋಗಿಗಳ ಬಿಳಿ ಬಟ್ಟೆಯನ್ನು ಕಲ್ಲಿನ ಮೇಲೆ ಒಗೆದಾಗ ಹರಿಯುವ ನೀರು ಕೆಂಪಗಿರುತ್ತದೆ, ಅದು ರಕ್ತವಲ್ಲವೆಂದು ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಕಣ್ಣು ಅಲ್ಲಿಯೇ ನಿಲ್ಲುತ್ತದೆ.

ಮಾತು

ಧಾಮದ ಸಿಬ್ಬಂದಿ ಎಂದೂ ದನಿ ಎತ್ತಬಾರದು. ಪುಸ್ತಕದ ಕನ್ನಡ ಮಾತಾಡಿಸಿದರೆ ಅವರು ಖಳರಾಗಿ ಕಾಣುತ್ತಾರೆ. ನಮ್ಮದೇ ಆಡುಮಾತಿನಲ್ಲಿ ‘ಅಕ್ಕಾ’, ‘ಕಾಕಾ’ ಎಂದು ಕರೆದರೆ ಅವರನ್ನು ಸಂಶಯಿಸಲು ನಮಗೇ ನಾಚಿಕೆಯಾಗುತ್ತದೆ. ‘ಊರಿಗಿ ಹೋಗಾಕ ಯಾಕ್ ಗಡಿಬಿಡಿ ಮಾಡ್ತೀರಿ ಅಕ್ಕಾ, ಇಲ್ಲಿ ನಿಮಗೇನ್ ಕಮ್ಮಿ ಆಗ್ಯಾದ?’ ಎಂಬ ಪ್ರಶ್ನೆಗೆ ಉತ್ತರ ಕೊಡಲು ಹೋದಷ್ಟೂ ಮನುಷ್ಯ ಕೃತಘ್ನನಾಗಿ ಕಾಣುತ್ತಾನೆ. ವೈದ್ಯನ ಬಾಯಲ್ಲಿ ಸಿದ್ಧಾಂತದ ಉಪನ್ಯಾಸ ಹಾಕಬೇಡಿ. ಅವನು ಕೇಳಲಿ, ಬರೆದುಕೊಳ್ಳಲಿ. ಅವನ ಪೆನ್ನು ಯಾವ ಮಾತಿಗೆ ಚಲಿಸುತ್ತದೆ, ಯಾವುದಕ್ಕೆ ನಿಲ್ಲುತ್ತದೆ ಎಂಬುದನ್ನು ತೋರಿಸಿದರೆ ಸಾಕಾಗುತ್ತದೆ.

ಜಾಗ, ಶಬ್ದ, ಪರವಾನಗಿ

ಕೋಟೆಯಲ್ಲಿಯೇ ಚಿತ್ರೀಕರಿಸುವ ಹಂಬಲ ಸಹಜ, ಆದರೆ ಬೀದರ ಕೋಟೆ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ ಅನುಮತಿಯಿಲ್ಲದೆ ಅಲ್ಲಿ ಚಿತ್ರೀಕರಣ ಮಾಡುವಂತಿಲ್ಲ. ಕರೇಜಿನೊಳಕ್ಕೆ ತಂಡವನ್ನು ಇಳಿಸುವುದಂತೂ ಬೇಡವೇ ಬೇಡ. ಗಾಳಿ ಕಡಿಮೆ, ಕಾಲಿಗೆ ಏನು ಸಿಗುತ್ತದೋ ತಿಳಿಯದು. ಹಳ್ಳದ ಸೇತುವೆಯಡಿಯ ಸಿಮೆಂಟ್ ಕೊಳವೆಯಲ್ಲಿ ಬೇಸಿಗೆಯಲ್ಲಿ ಬಕೆಟ್ಟಿನಿಂದ ನೀರು ಹಾಕಿ, ಒಂದೇ ಟಾರ್ಚಿನ ಬೆಳಕಿನಲ್ಲಿ ತೆಗೆದರೆ ಪರದೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ಮುಖ್ಯ ಕಟ್ಟಡಕ್ಕೆ ಶಹಾಬಾದ್ ಕಲ್ಲು ಹಾಸಿದ ಹಳೆಯ ವಾಡೆಯೊಂದು ಸಿಕ್ಕರೆ ಅದೃಷ್ಟ. ಆ ಬೂದು ಕಲ್ಲು ಒದ್ದೆಯಾದಾಗ ಆಕಾಶವನ್ನು ಪ್ರತಿಫಲಿಸುತ್ತದೆ, ಬರಿಗಾಲಿನ ಹೆಜ್ಜೆಗೆ ಅಂಟಿದಂಥ ಒಂದು ಸಣ್ಣ ಸದ್ದು ಕೊಡುತ್ತದೆ. ಎತ್ತರದ ಒಂಟಿ ಬಂಗಲೆಯ ನೋಟ ಬೇಕಿದ್ದವರು ಯಾದಗಿರಿ ಜಿಲ್ಲೆಯ ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅನ್ನು ದೂರದಿಂದ ನೋಡಿ, ಕಟ್ಟಡ ಊರಿನಿಂದ ಬೇರೆಯಾಗಿ ನಿಲ್ಲುವ ರೀತಿಯನ್ನು ಕಲಿಯಬಹುದು. ಕಲಬುರಗಿಯಿಂದ ಬೀದರಿಗೆ ಬರುವ ದೃಶ್ಯಕ್ಕೆ ರೈಲೇ ಸೂಕ್ತ. 2017ರಲ್ಲಿ ಆರಂಭವಾದ ಆ ಮಾರ್ಗದಲ್ಲಿ ಮರಗುತ್ತಿಯ ಬಳಿ ಸುರಂಗವಿದೆ, ಕಿಟಕಿಯ ಗಾಜಿನಲ್ಲಿ ಹೊರಗಿನ ಹೊಲ ಮಾಯವಾಗಿ ಅಪ್ಪ ಮಗಳ ಮುಖ ಮೂಡುವುದಕ್ಕೆ ಬೇರೆ ಉಪಾಯ ಬೇಕಾಗಿಲ್ಲ.

ಶಬ್ದಗ್ರಹಣದ ಒಂದು ತೊಂದರೆಯನ್ನು ಬೀದರಿನ ಹೊರಗಿನವರು ಊಹಿಸಲಾರರು. ಇಲ್ಲಿ ವಾಯುಪಡೆಯ ತರಬೇತಿ ನೆಲೆ ಇರುವುದರಿಂದ ಮುಂಜಾನೆಯ ಮೌನವನ್ನು ಜೆಟ್ ವಿಮಾನಗಳು ಸೀಳಿಕೊಂಡು ಹೋಗುತ್ತವೆ, ಡ್ರೋನ್ ಹಾರಿಸುವ ಆಸೆಯನ್ನಂತೂ ಮೊದಲೇ ಬಿಡಬೇಕು. ನಮ್ಮ ಒಂದು ಇಡೀ ಬೆಳಗಿನ ಸಂಭಾಷಣೆ ಹೀಗೆ ಹಾಳಾಯಿತು. ಆಮೇಲೆ ಅದನ್ನೇ ಬಳಸಿಕೊಂಡೆವು: ವಿಮಾನದ ಸದ್ದು ಬಂದಾಗ ಮಗಳು ತಲೆಯೆತ್ತಿ ನೋಡುತ್ತಾಳೆ, ಉಳಿದ ಯಾವ ರೋಗಿಯೂ ನೋಡುವುದಿಲ್ಲ, ಹನ್ನೆರಡನೆಯ ದಿನ ಅವಳೂ ನೋಡುವುದಿಲ್ಲ. ಪ್ರತಿ ಕೋಣೆಯಲ್ಲಿ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಬರೀ ಮೌನವನ್ನು ಧ್ವನಿಮುದ್ರಿಸಿಕೊಳ್ಳಿ, ಸಂಕಲನದಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಮೇ ತಿಂಗಳ ಸೆಕೆಯಲ್ಲಿ ಕರೆಂಟು ಹೋಗಿ ಸೀಲಿಂಗ್ ಫ್ಯಾನು ನಿಧಾನಕ್ಕೆ ನಿಲ್ಲುವ ಸದ್ದು ಕಲಬುರಗಿಯವರಿಗೆ ಯಾವ ಪಿಟೀಲಿಗಿಂತಲೂ ಹೆಚ್ಚು ಎದೆಗೆ ತಾಗುತ್ತದೆ.

ಕೆಲವು ಎಚ್ಚರಿಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾತ್ರಧಾರಿಗಳನ್ನು ನಿಜವಾಗಿ ಉಪವಾಸ ಕೆಡವಬೇಡಿ. ಧಾಮದ ಹೆಸರು, ಫಲಕ, ಲಾಂಛನ ಯಾವ ನಿಜವಾದ ಕೇಂದ್ರವನ್ನೂ ಹೋಲಬಾರದು. ಮಾನಸಿಕ ಕಾಯಿಲೆಯವರನ್ನು ಅಪಾಯಕಾರಿಗಳೆಂದು ತೋರಿಸುವುದು ಹಳೆಯ ಚಾಳಿ. ಈ ಕಥೆಯಲ್ಲಿ ಅಪಾಯ ಇರುವುದು ರೋಗಿಗಳಲ್ಲಿ ಅಲ್ಲ. ಚಿತ್ರಮಂದಿರದಲ್ಲಿ ಪ್ರದರ್ಶಿಸುವುದಾದರೆ ಪ್ರಮಾಣಪತ್ರ ಬೇಕು, ಹೊಸ ವ್ಯವಸ್ಥೆಯಲ್ಲಿ ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಯುಎ ವರ್ಗವನ್ನು 7, 13, 16 ವರ್ಷಗಳೆಂದು ಒಡೆದಿದ್ದಾರೆ. ಪ್ರಚಾರಕ್ಕಾಗಿ ಸುಳ್ಳು ಆರೋಗ್ಯ ಸುದ್ದಿ ಹರಡುವ ಚಪಲ ಬೇಡ. ಮೇಲೆ ಹೇಳಿದ ಆ ದೊಡ್ಡ ಚಿತ್ರದ ಪ್ರಚಾರಕ್ಕೆ ಸುಳ್ಳು ಸುದ್ದಿಯ ಜಾಲತಾಣಗಳನ್ನು ಸೃಷ್ಟಿಸಿ ಆಮೇಲೆ ವಿತರಣಾ ಸಂಸ್ಥೆಯೇ ಕ್ಷಮೆ ಕೇಳಬೇಕಾಯಿತು.

ಕೊನೆಯ ದೃಶ್ಯ

ಬೆಂಕಿ, ಓಟ, ಪೊಲೀಸರು, ಗುಟ್ಟಿನ ನೆಲಮಾಳಿಗೆ ಯಾವುದೂ ಬೇಡ. ಹದಿನಾಲ್ಕನೆಯ ದಿನ ಇಬ್ಬರನ್ನೂ ಮರ್ಯಾದೆಯಿಂದ ಬೀಳ್ಕೊಡಲಿ, ಕೈಗೆ ಒಂದು ಬಾಟಲಿ ನೀರು ಕೊಡಲಿ. ಕಲಬುರಗಿಯ ರೈಲು ನಿಲ್ದಾಣದ ಹೊರಗೆ, ಬಿಸಿಲಿನಲ್ಲಿ, ಆಟೋಗೆ ಕೈ ಮಾಡುತ್ತಿರುವಾಗ ಮಿಲ್ಲಿನಲ್ಲಿ ಅವಳ ಜೊತೆ ಕೆಲಸ ಮಾಡುವ ಹೆಂಗಸು ಎದುರಾಗಿ, ಎಲ್ಲರೂ ಕೇಳುವ ಹಾಗೆಯೇ, ‘ಆರಾಮ ಇದ್ದೀಯೇನವ್ವಾ?’ ಎಂದು ಕೇಳಲಿ. ಮಗಳ ಬಾಯಿ ತೆರೆಯುತ್ತದೆ. ಅವಳು ತಿರುಗಿ ಅಪ್ಪನ ಮುಖ ನೋಡುತ್ತಾಳೆ, ಉತ್ತರವನ್ನು ಅವನು ಹೇಳಬೇಕೆಂಬಂತೆ. ಅಪ್ಪ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾನೆ. ಮುಚ್ಚಳ ತೆರೆದ ಸಣ್ಣ ಸದ್ದು ಕೇಳಿಸಿದ ಕೂಡಲೇ ಪರದೆಯನ್ನು ಕಪ್ಪು ಮಾಡಿ.